ಪಾಪೆಯೊಳಗಿನ ಕುರ್ಚಿ

ಮಾರ್ಚ್ 4, ಸೋಮವಾರ

ಅಕ್ಕ ಹೋಗಿ ತಿಂಗಳಾಯಿತು. ಮನೆಯಲ್ಲಿ ಮಾತಾಡಲು ಒಂದು ನರಪಿಳ್ಳೆ ಇಲ್ಲ. ಅವಳಿದ್ದಾಗಲೂ ಮಾತಾಡುತ್ತಿದ್ದವಳು ನಾನೇ, ಅವಳು ಬರೀ ಹೂಂಗುಟ್ಟುತ್ತಿದ್ದಳು, ಅದೂ ಮನಸ್ಸು ಬಂದರೆ. ಈಗ ಆ ಹೂಂ ಕೂಡ ಇಲ್ಲದೆ ತಲೆ ಕೆಟ್ಟುಹೋಗುತ್ತಿದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಓದುವವರು ಯಾರೂ ಇಲ್ಲ ಎನ್ನುವ ಧೈರ್ಯವೂ ಇದೆ.

ನಮ್ಮದು ಕಣ್ಣು ಮಾಡುವ ಕೆಲಸ. ಒಂದು ಕಣ್ಣು ಕಳೆದುಕೊಂಡವರಿಗೆ ಅಕ್ರಿಲಿಕ್ ಕಣ್ಣು ಮಾಡಿ ಕೂರಿಸುತ್ತೇವೆ. ಗುಳಿಯ ಅಚ್ಚು ತೆಗೆಯುವುದು, ಬಿಳಿ ಗುಡ್ಡೆ ಎರೆಯುವುದು, ಕೆಂಪು ರೇಷ್ಮೆ ದಾರದ ಎಳೆ ಬಿಡಿಸಿ ನರಗಳ ಹಾಗೆ ಅಂಟಿಸುವುದು, ಚಕ್ರಕ್ಕೆ ಕೊಟ್ಟು ಪಾಲಿಶ್ ಮಾಡುವುದು, ಇದೆಲ್ಲ ನನ್ನ ಪಾಲು. ಪಾಪೆಯ ಸುತ್ತಲಿನ ಬಣ್ಣದ ಬಿಲ್ಲೆ ಬರೆಯುವುದು ಮಾತ್ರ ಅಕ್ಕನದು. ಗಿರಾಕಿಯನ್ನು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರಿಸಿಕೊಂಡು, ಉಳಿದಿರುವ ಕಣ್ಣನ್ನು ನೋಡಿ ನೋಡಿ, ಎಡಗೈಯಲ್ಲಿ ಕುಂಚ ಹಿಡಿದು ಬರೆಯುತ್ತಿದ್ದಳು. ಅವಳು ಎಡಚಿ. ನನಗಂತೂ ಬಣ್ಣದ ಗಂಧವೇ ಇಲ್ಲ. ಕಂದು, ಜೇನು, ಹಸಿರು ಎಲ್ಲ ಕಲಸುಮೇಲೋಗರ.

ಅವಳ ಜೀವ ಹೋದದ್ದೂ ಕಿಟಕಿಯ ಕೆಳಗಿನ ಅವಳ ಕುರ್ಚಿಯಲ್ಲೇ, ಕುಂಚ ಹಿಡಿದ ಹಾಗೇ. ನಾನು ಚಕ್ರದ ಮುಂದೆ ಕೂತು ಹಿಂದಿನ ಬೀದಿಯ ಜಗಳದ ಕಥೆ ಹೇಳುತ್ತಲೇ ಇದ್ದೆ. ಉತ್ತರ ಬರಲಿಲ್ಲ. ಅದೇನು ಹೊಸದಲ್ಲವಲ್ಲ.

ಇವತ್ತು ಬೆಳಗ್ಗೆಯಿಂದ ಗೋಡೆಗೆ ಹಾಕಲು ಅವಳದೊಂದು ಫೋಟೋ ಹುಡುಕಿದೆ. ಫೋನಿನಲ್ಲಿ ಇರುವುದೆಲ್ಲ ನಾನು ತೆಗೆದದ್ದು, ಒಂದೂ ನೆಟ್ಟಗಿಲ್ಲ. ಒಂದರಲ್ಲಿ ತಲೆಯೇ ಇಲ್ಲ, ಒಂದರಲ್ಲಿ ನನ್ನ ಬೆರಳು, ಮಿಕ್ಕವೆಲ್ಲ ಮಸುಕು. ಅವಳ ಮುಖ ನನಗೆ ಮರೆತೇ ಹೋದರೆ ಏನು ಗತಿ? ಇನ್ನೊಂದೇ ಒಂದು ಸಲ ಆ ಮುಖ ಸ್ಪಷ್ಟವಾಗಿ ನೋಡಬೇಕು. ನನಗೆ ಬೇರೇನೂ ಬೇಡ. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಸುರಿದುಕೊಂಡು ಕೂತು ಅತ್ತೆ. ಸಕ್ಕರೆಯನ್ನೇ ಮುಟ್ಟದ ಅಕ್ಕ ಇದ್ದಿದ್ದರೆ, ಇದನ್ನು ಕುಡಿಯುವ ಬದಲು ಇರುವೆಗಳಿಗೆ ಹಾಕು ಅನ್ನುತ್ತಿದ್ದಳು.

ಮಾರ್ಚ್ 6, ಬುಧವಾರ

ಅಂಗಡಿ ಮುಚ್ಚಿಬಿಡುವುದೆಂದು ನಿರ್ಧಾರ ಮಾಡಿಯಾಗಿತ್ತು. ಆಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ತನ್ನ ಮಗಳನ್ನು ಕರೆದುಕೊಂಡು ಬಂದಳು. ಪುಟ್ಟಿ ಎಂದು ಕರೆಯುತ್ತಾರೆ. ಕಾಯಿಲೆಯಲ್ಲಿ ಬಲಗಣ್ಣು ಹೋಗಿದೆ. ಕೂದಲನ್ನು ಮುಖದ ಮೇಲೆ ಎಳೆದುಕೊಂಡು, ತಾಯಿಯ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿತ್ತು. ಕಣ್ಣು ಬಂದ ಮೇಲೇ ಸ್ಕೂಲು ಅಂತ ಹಟ ಹಿಡಿದು ಮನೆಯಲ್ಲೇ ಕೂತಿದೆಯಂತೆ.

ಅಚ್ಚಾದರೂ ತೆಗೆಯೋಣ, ಆಮೇಲೆ ಬೇರೆ ಕಡೆ ಕಳಿಸಿದರಾಯಿತು ಎಂದುಕೊಂಡೆ. ಅಚ್ಚಿನ ಹೊತ್ತಿನಲ್ಲಿ ಅದು ಅಲುಗಾಡಬಾರದಲ್ಲ, ಅದಕ್ಕೆ ಬಾಯಿಗೆ ಬಂದ ಕಥೆಯೆಲ್ಲ ಹೇಳಿದೆ. ಕನ್ನಡಕ ನುಂಗಿದ ಬೆಕ್ಕಿನ ಕಥೆಗೆ ಅದು ನಕ್ಕುಬಿಟ್ಟಿತು. ತಾಯಿ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು. ಆಮೇಲೆ ಆಗಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅದರ ಜೊತೆಗೆ ಅಕ್ಕ ಒಪ್ಪಿಕೊಂಡಿದ್ದ ಒಬ್ಬ ವೆಲ್ಡರನ ಕಣ್ಣೂ ಬಾಕಿ ಇದೆ.

ಮಹಡಿ ಮನೆಯ ಫ್ಲ್ಯಾಶ್ ಮಾವನ ಹತ್ತಿರ ಹೋಗಿ ಗೋಳು ತೋಡಿಕೊಂಡೆ. ಫೋಟೋ ಸ್ಟುಡಿಯೋ ಇಟ್ಟಿದ್ದ ಮನುಷ್ಯ, ಈಗ ಮುಚ್ಚಿದ್ದಾನೆ, ಹೆಸರು ಮಾತ್ರ ಉಳಿದಿದೆ. ಅಕ್ಕನಿಗೆ ದೊಡ್ಡೋಳು, ನನಗೆ ಚಿಕ್ಕೋಳು ಅಂತ ಅವನೇ ಇಟ್ಟ ಹೆಸರುಗಳು. ಕಣ್ಣಿನ ಫೋಟೋ ತೆಗೆದು ದೊಡ್ಡದು ಮಾಡಿಕೊಂಡು, ಅದನ್ನು ನೋಡಿ ನಿಧಾನಕ್ಕೆ ಬರೆ ಎಂದು ದಾರಿ ತೋರಿಸಿದ. ಆಮೇಲೆ ನನ್ನ ಫೋನ್ ಇಸಿದುಕೊಂಡು ಕ್ಯಾಮೆರಾದ ಗಾಜು ನೋಡಿ ತಲೆ ಚಚ್ಚಿಕೊಂಡ. ಪಾಲಿಶ್ ಜಿಡ್ಡು ಪದರ ಪದರವಾಗಿ ಕೂತಿತ್ತು.

"ಚಿಕ್ಕೋಳೇ, ಇಷ್ಟು ದಿನ ನೀನು ಫೋಟೋ ತೆಗೆದಿದ್ದು ಲೋಕದ್ದಲ್ಲ, ನಿನ್ನ ಕೈಯ ಕೊಳೇದು" ಅಂದ.

ಒಗೆದ ಹತ್ತಿ ಬಟ್ಟೆಯಿಂದ ಒರೆಸಿದೆ. ಅಷ್ಟಕ್ಕೇ ಕಿಟಕಿಯಾಚೆಯ ತಂತಿಯ ಮೇಲಿನ ಹಕ್ಕಿ ಗರಿ ಗರಿಯಾಗಿ ಬಂತು. ಇದು ಮೊದಲೇ ಗೊತ್ತಿದ್ದಿದ್ದರೆ ಅಕ್ಕನ ಎಷ್ಟು ಫೋಟೋ ಉಳಿಯುತ್ತಿತ್ತೋ.

ಮಾರ್ಚ್ 11, ಸೋಮವಾರ

ವೆಲ್ಡರ್ ಬಂದಿದ್ದ. ಕಿಟಕಿಗೆ ಮುಖ ಮಾಡಿ ಕೂರಿಸಿದೆ. ಕಿಟಕಿಯ ಕೆಳಗಿನ ಅಕ್ಕನ ಮೇಜು, ಕುರ್ಚಿ ನನ್ನ ಬೆನ್ನ ಹಿಂದೆ ಬಂದವು. ಮಾವ ಹೇಳಿಕೊಟ್ಟದ್ದನ್ನೆಲ್ಲ ಮಂತ್ರದ ಹಾಗೆ ಹೇಳಿಕೊಂಡೆ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕೇ ಸಾಕು. ಬೆರಳಲ್ಲಿ ಎಳೆದು ಹಿಗ್ಗಿಸಬೇಡ, ನೀನೇ ಹತ್ತಿರ ಹೋಗು. ಮೂಗಿಗೆ ಮೂಗು ತಾಗಿಸಿದರೂ ಮಸುಕಾಗುತ್ತೆ, ಒಂದು ಗೇಣು ಹಿಂದೆ ನಿಲ್ಲು. ಪರದೆಯಲ್ಲಿ ಕಣ್ಣಿನ ಮೇಲೆ ಬೆರಳು ಒತ್ತಿ ಹಿಡಿ, ಫೋಕಸ್ ಅಲ್ಲೇ ಬೀಗ ಹಾಕಿಕೊಳ್ಳುತ್ತೆ. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಂಡು, ಉಸಿರು ಬಿಟ್ಟು, ಆಗ ಒತ್ತು. ಇದೆಲ್ಲ ಮಾಡುವಷ್ಟರಲ್ಲಿ ಆ ಮನುಷ್ಯನಿಗೆ ತೂಕಡಿಕೆ ಬಂದಿತ್ತು.

ಆದರೆ ಫೋಟೋ! ಕಣ್ಣೊಳಗೆ ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಎಳೆ ಎಳೆ, ಚುಕ್ಕೆ ಚುಕ್ಕೆ. ನೋಡಿಕೊಂಡು, ನನ್ನ ಬಲಗೈಯಲ್ಲಿ ಬಿಲ್ಲೆ ಬರೆದು ಮುಗಿಸಿದೆ. ಅಕ್ಕನಷ್ಟು ಅಲ್ಲ, ಆದರೆ ಮರ್ಯಾದೆ ಹೋಗುವಂತೆಯೂ ಇಲ್ಲ.

ಮಾರ್ಚ್ 19, ಮಂಗಳವಾರ

ಮರ್ಯಾದೆ ಹೋಯಿತು. ವೆಲ್ಡರ್ ಕಣ್ಣು ಹಾಕಿಕೊಂಡು ವಾಪಸು ಬಂದ. ಮುಜುಗರದಿಂದ ತಲೆ ಕೆರೆದುಕೊಂಡು, ತನ್ನ ಹೆಂಡತಿ ಆ ಕಣ್ಣಿನ ಕಡೆ ಮಲಗುವುದಿಲ್ಲ ಎನ್ನುತ್ತಿದ್ದಾಳೆ ಅಂದ. ಯಾಕೆ ಎಂದರೆ, ಅದರೊಳಗೆ ಯಾರೋ ಕೂತ ಹಾಗಿದೆಯಂತೆ.

ಭೂತಗನ್ನಡಿ ಹಿಡಿದು ನೋಡಿದೆ. ನನ್ನ ತಪ್ಪೇ. ಕಣ್ಣಿನ ಮೇಲೆ ಕನ್ನಡಿಯಲ್ಲಿ ಮೂಡುವ ಹಾಗೆ ಎದುರಿನ ವಸ್ತುಗಳ ನೆರಳು ಬಿದ್ದಿರುತ್ತದೆ, ಕಿಟಕಿಯ ಬಿಳಿ ಚೌಕ, ಅದರ ಕೆಳಗೆ ಮೇಜು. ಎದುರಿಗೆ ಕೂತು ಬರೆಯುವವರು ಅದನ್ನು ಗಮನಿಸಿ ಬಿಟ್ಟುಬಿಡುತ್ತಾರೆ, ಅದು ಕಣ್ಣಿನದಲ್ಲ ಎಂದು ಅವರಿಗೆ ಗೊತ್ತು. ನಾನು ಫೋಟೋ ನೋಡಿ ಬರೆದವಳು, ಕಂಡದ್ದನ್ನೆಲ್ಲ ಭಕ್ತಿಯಿಂದ ಪಾಪೆಯೊಳಗೆ ಇಳಿಸಿಬಿಟ್ಟಿದ್ದೆ. ಹೊಸದು ಮಾಡಿಕೊಡುತ್ತೇನೆ ಎಂದು ಹೇಳಿ ಕಳಿಸಿದೆ. ಅವನು ಒಳ್ಳೆಯವನು, ಜಗಳ ಆಡಲಿಲ್ಲ.

ಸಂಜೆ ಆ ಫೋಟೋವನ್ನು ಮತ್ತೆ ತೆಗೆದು ಹಿಗ್ಗಿಸಿದೆ. ಕಿಟಕಿ ಇದೆ. ಫೋನ್ ಹಿಡಿದ ನನ್ನ ತಲೆಯ ನೆರಳಿದೆ. ನನ್ನ ಹಿಂದೆ ಮೇಜು, ಕುರ್ಚಿ. ಕುರ್ಚಿ ಖಾಲಿ ಇಲ್ಲ.

ಕತ್ತು ಒಂದು ಕಡೆ ವಾಲಿಸಿಕೊಂಡು ಕೂತ ಹೆಂಗಸು. ಮುಖ ಕಾಣದು, ಅಕ್ಕಿಕಾಳಿನಷ್ಟೂ ಇಲ್ಲ. ಆದರೆ ಆ ಕತ್ತು ನನಗೆ ಗೊತ್ತಿಲ್ಲವೇ? ಹುಟ್ಟಿದಾಗಿನಿಂದ ನೋಡಿದ ಕತ್ತು. ತಿರುಗಿ ನೋಡಿದರೆ ಕುರ್ಚಿಯ ಮೇಲೆ ಅವಳ ಶಾಲು ಮಾತ್ರ ಇತ್ತು. ಶಾಲೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮಾರ್ಚ್ 20, ಬುಧವಾರ

ಶಾಲು ತೆಗೆದು ಪೆಟ್ಟಿಗೆಯಲ್ಲಿಟ್ಟೆ. ಪುಟ್ಟಿಯನ್ನು ಕರೆಸಿ ಎಡಗಣ್ಣಿನ ಫೋಟೋ ತೆಗೆದೆ. ಪಾಪೆಯಲ್ಲಿ ಅದೇ ಕತ್ತು. ಶಾಲು ಅಲ್ಲ.

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ ಎಂದರೆ ಸುಳ್ಳು, ಆದರೆ ಅದಕ್ಕಿಂತ ಹೆಚ್ಚಾಗಿ ಆದದ್ದು ಸಂತೋಷ. ಎಷ್ಟು ಸಂತೋಷ ಎಂದರೆ ಮಗುವಿಗೆ ಕಥೆ ಹೇಳುವುದೇ ಮರೆತು ಕಳಿಸಿಬಿಟ್ಟೆ. ಅಕ್ಕ ಇದ್ದಾಳೆ. ಮುಖ ಮಾತ್ರ ಸ್ಪಷ್ಟವಿಲ್ಲ. ಫೋಟೋ ಇನ್ನೂ ಚೆನ್ನಾಗಿ ತೆಗೆಯಲು ಕಲಿಯಬೇಕು.

ಮಾರ್ಚ್ 25, ಸೋಮವಾರ

ಫ್ಲ್ಯಾಶ್ ಮಾವನಿಗೆ ಅಕ್ಕನ ವಿಷಯ ಬಾಯಿ ಬಿಡಲಿಲ್ಲ. ಕಣ್ಣಿನ ಮೇಲೆ ನೆರಳು ಬೀಳುತ್ತೆ, ಏನು ಮಾಡಲಿ ಎಂದಷ್ಟೇ ಕೇಳಿದೆ. ಹಿಂದೆ ಕರಿ ಬಟ್ಟೆ ಕಟ್ಟಿ, ನೀನೂ ಕರಿ ಬಟ್ಟೆ ಹಾಕಿಕೋ, ಆಗ ಏನೂ ಮೂಡುವುದಿಲ್ಲ ಅಂದ. ಬೆಳಕು ಜಾಸ್ತಿಯಾದರೆ ಪರದೆಯ ಮೇಲಿನ ಪುಟ್ಟ ಸೂರ್ಯನನ್ನು ಬೆರಳಲ್ಲಿ ಕೆಳಗೆಳೆ, ಕತ್ತಲಾದ ಫೋಟೋವನ್ನು ಆಮೇಲೂ ಬೆಳಗಿಸಬಹುದು, ಬೆಳಕಿನಲ್ಲಿ ಸುಟ್ಟುಹೋದದ್ದನ್ನು ತರುವುದಕ್ಕಾಗುವುದಿಲ್ಲ ಎಂದೂ ಹೇಳಿದ.

ಮೇಜು ಕುರ್ಚಿ ಎರಡನ್ನೂ ಮುಚ್ಚುವ ಹಾಗೆ ಕಿಟಕಿಯ ಅರ್ಧಕ್ಕೆ ಕರಿ ಬಟ್ಟೆ ಇಳಿಬಿಟ್ಟೆ. ನನ್ನದೊಂದು ಹಳೆಯ ಕರಿ ಉಡುಪು ಹಾಕಿಕೊಂಡೆ. ಪುಟ್ಟಿ ನೋಡಿ, ಆಂಟಿ ಕಾಗೆ ಅಂತು. ಎಂಥಾ ಮಾತು ಕಲಿತಿದೆ ನೋಡು!

ಮಾವ ಹೇಳಿದ್ದು ಅರ್ಧ ನಿಜ. ಅರ್ಧ ಕಿಟಕಿ ಹೋಯಿತು, ಮೇಜು ಹೋಯಿತು, ನಾನೂ ಹೋದೆ. ಅಕ್ಕ ಉಳಿದಳು. ಕಪ್ಪಿನ ಮುಂದೆ ಇನ್ನೂ ಚೊಕ್ಕವಾಗಿ ಕಾಣಿಸಿದಳು. ಕೂತಿಲ್ಲ, ಎದ್ದು ನಿಂತಿದ್ದಾಳೆ. ಬಟ್ಟೆಯ ಈಚೆಗೆ.

ಏಪ್ರಿಲ್ 2, ಮಂಗಳವಾರ

ಈ ವಾರ ಪುಟ್ಟಿಯನ್ನು ಮತ್ತೆ ಮತ್ತೆ ಕರೆಸಿದೆ. ಬಣ್ಣ ಇನ್ನೂ ಹೊಂದುತ್ತಿಲ್ಲ ಎಂದು ತಾಯಿಗೆ ನೆಪ ಹೇಳಿದೆ. ನಿಜ ಹೇಳಬೇಕೆಂದರೆ ಬಿಲ್ಲೆ ಎಂದೋ ಸಿದ್ಧವಾಗಿದೆ, ವೆಲ್ಡರನದೂ ಹೊಸದಾಗಿ ಮುಗಿಸಿದೆ. ಅವನ ಹೆಂಡತಿಯೇ ಬಂದು, ಯಾವುದು ನಿಜ ಯಾವುದು ಸುಳ್ಳು ಗೊತ್ತೇ ಆಗಲ್ಲ ಎಂದು ಕೈ ಹಿಡಿದುಕೊಂಡಳು. ಫೋಟೋ ಚೆನ್ನಾಗಿ ಬಂದರೆ ಬಣ್ಣ ತಾನಾಗಿಯೇ ಕಾಣುತ್ತದೆ. ಜೇನಿನ ಬಣ್ಣದೊಳಗೆ ತುಕ್ಕಿನ ಬಣ್ಣ ಬೇರೆ, ಒಣಗಿದ ಎಲೆಯ ಬಣ್ಣ ಬೇರೆ. ಇಷ್ಟು ದಿನ ಇದನ್ನು ಕಲಸುಮೇಲೋಗರ ಅಂತ ಯಾಕೆ ಅಂದೆನೋ.

ಬರೆಯುವಾಗ ಅಕ್ಕನ ಕನ್ನಡಕ ಹಾಕಿಕೊಂಡೆ. ನನ್ನದಕ್ಕಿಂತ ಚೆನ್ನಾಗಿ ಹೊಂದುತ್ತದೆ.

ಪ್ರತಿ ಫೋಟೋದಲ್ಲೂ ಅವಳು ಒಂದು ಹೆಜ್ಜೆ ಹತ್ತಿರ. ಇವತ್ತಿನದರಲ್ಲಿ ನನ್ನ ಭುಜದ ಹಿಂದೆಯೇ ಇದ್ದಾಳೆ, ಕೈ ಮುಂದೆ ಚಾಚಿದೆ. ಮುಖ ಇನ್ನೂ ನೆರಳಲ್ಲಿದೆ. ಮಗು ಅಲುಗಾಡುತ್ತದೆ, ಏನು ಮಾಡುವುದು.

ಚಹಾ ಬಾಯಿಗಿಡಲಾಗಲಿಲ್ಲ, ಅಷ್ಟು ಸಿಹಿ. ಚೆಲ್ಲಿದೆ.

ಏಪ್ರಿಲ್ 5, ಶುಕ್ರವಾರ

ಪುಟ್ಟಿಯ ತಾಯಿ ಫೋನ್ ಮಾಡಿ ಸಿಡುಕಿದಳು. ಸ್ಕೂಲಿನವರು ಹೆಸರು ತೆಗೆಯುತ್ತೇವೆ ಅಂದಿದ್ದಾರಂತೆ, ಮಗು ಕನ್ನಡಿ ನೋಡಿಕೊಂಡು ಅಳುತ್ತದಂತೆ, ಆಗುವುದಿಲ್ಲ ಎಂದರೆ ನೆಟ್ಟಗೆ ಹೇಳಿಬಿಡಿ ಅಂದಳು. ನಾಚಿಕೆಯಾಯಿತು. ನನ್ನ ಅಕ್ಕನ ಮುಖಕ್ಕಾಗಿ ಆ ಮಗುವನ್ನು ಸತಾಯಿಸುತ್ತಿದ್ದೇನೆ. ಇನ್ನೊಂದೇ ಸಲ, ಆಮೇಲೆ ಕಣ್ಣು ಕೊಟ್ಟುಬಿಡುತ್ತೇನೆ.

ಪುಟದ ತುಂಬ ಶಾಯಿ ಮೆತ್ತಿಕೊಂಡಿದೆ. ಬರೆದದ್ದರ ಮೇಲೇ ಅಂಗೈ ಸರಿದು ಹೋಗುತ್ತಿದೆ. ಈ ಪೆನ್ನು ಸರಿಯಿಲ್ಲ.

ಚಕ್ರದ ಧೂಳು ಒರೆಸಿಲ್ಲ. ಹೇಳಿ ಹೇಳಿ ಸಾಕಾಯಿತು.

ಏಪ್ರಿಲ್ 9, ಮಂಗಳವಾರ

ಬಂತು!

ಮಧ್ಯಾಹ್ನದ ಬೆಳಕು, ಮೋಡ ಅಡ್ಡ ಇದ್ದುದರಿಂದ ಹದವಾಗಿತ್ತು. ಫೋನನ್ನು ಪುಸ್ತಕಗಳ ಮೇಲೆ ಊರಿ ಹಿಡಿದು, ಉಸಿರು ಬಿಟ್ಟು, ಒಂದರ ಹಿಂದೊಂದು ಒತ್ತುತ್ತಾ ಹೋದೆ. ಹತ್ತು ತೆಗೆದು ಒಂದು ಇಟ್ಟುಕೋ, ಮಿಕ್ಕದ್ದು ಅಳಿಸು ಎನ್ನುವುದು ಮಾವನ ಪಾಠ. ಆ ಒಂದು ಸಿಕ್ಕಿತು. ಅಕ್ಕನ ಮುಖ. ಹುಬ್ಬಿನ ನಡುವಿನ ಗೀಟು, ಬಿಗಿದ ತುಟಿ, ಎಲ್ಲ. ನೋಡಿ ನೋಡಿ ಅತ್ತೆ. ಅಕ್ಕಾ, ಎಲ್ಲಿ ಹೋಗಿದ್ದೆ ನನ್ನನ್ನು ಬಿಟ್ಟು?

ಫೋಟೋದಲ್ಲಿ ಬೇರೆ ಯಾರೂ ಇಲ್ಲ. ಅವಳೊಬ್ಬಳೇ. ಪುಟ್ಟಿಗೆ ತೋರಿಸಿದೆ. ಅದು ಪರದೆಯನ್ನು ನೋಡಿತು, ನನ್ನನ್ನು ನೋಡಿತು, ಮತ್ತೆ ಪರದೆಯನ್ನು ನೋಡಿತು.

"ಫೋನ್ ಹಿಡ್ಕೊಂಡಿರೋದು ಅವರೇ ಅಲ್ವಾ?" ಅಂತು.

ನಿಜ. ಫೋನ್ ಅಕ್ಕನ ಕೈಯಲ್ಲಿದೆ. ಎಡಗೈಯಲ್ಲಿ.

ಏಪ್ರಿಲ್ 12, ಶುಕ್ರವಾರ

ಪುಟ್ಟಿಯ ಬಿಲ್ಲೆಯನ್ನು ಕೆರೆದು ಮೊದಲಿನಿಂದ ಬರೆದೆ. ಹಿಂದೆ ಬರೆದಿದ್ದು ಹೊಲಸಾಗಿತ್ತು. ಅಂಚಿನಲ್ಲಿ ಬೂದಿ ಬಣ್ಣವೇ ಇರಲಿಲ್ಲ. ಬಣ್ಣ ಗೊತ್ತಿಲ್ಲದವರು ಕುಂಚ ಮುಟ್ಟಬಾರದು.

ಫ್ಲ್ಯಾಶ್ ಬಂದಿದ್ದ. ಬಾಗಿಲಲ್ಲೇ ನಿಂತ. ಕಿಟಕಿಯ ಕಡೆ, ಕುರ್ಚಿಯಲ್ಲಿ ಕೂತಿದ್ದ ನನ್ನ ಕಡೆ ಸುಮ್ಮನೆ ನೋಡಿದ. "ದೊಡ್ಡೋಳೇ" ಅಂದು ಬಾಯಿ ಮೇಲೆ ಕೈಯಿಟ್ಟುಕೊಂಡ. ಏನು ಬೇಕು ಎಂದು ಕೇಳಿದೆ. ಏನೂ ಇಲ್ಲ ಅಂದ. ಚಹಾ ಬೇಡವೆಂದು ಹೊರಟುಹೋದ. ಮೆಟ್ಟಿಲ ಮೇಲೆ ಅವನು ನಿಂತು ನಿಂತು ಹತ್ತುವುದು ಕೇಳಿಸಿತು. ವಯಸ್ಸಾಯಿತು ಅವನಿಗೆ.

ಕೆಲಸದ ಹೊತ್ತಿನಲ್ಲಿ ಜನ ಬರಬಾರದು.

ಏಪ್ರಿಲ್ 15, ಸೋಮವಾರ

ಎರಕವಾಯಿತು. ದಾರದ ಎಳೆ ಅಂಟಿಸಲು ಕೂತರೆ ಕೈ ಬರುತ್ತಿಲ್ಲ. ನರ ಅಂಟಿಸುವುದು ತಂಗಿಯ ಕೆಲಸ. ಮಾತು ಜಾಸ್ತಿ, ಆದರೆ ಅದನ್ನು ಅವಳಷ್ಟು ನಾಜೂಕಾಗಿ ಯಾರೂ ಮಾಡುವುದಿಲ್ಲ. ಹೇಗೋ ಮುಗಿಸಿದೆ.

ಮನೆ ಇಷ್ಟು ಸದ್ದಿಲ್ಲದೆ ಯಾವತ್ತೂ ಇರಲಿಲ್ಲ. ಕೆಲಸಕ್ಕೆ ಒಳ್ಳೆಯದೇ. ಆದರೂ ಮಧ್ಯೆ ಮಧ್ಯೆ ಒಂದೆರಡು ಸಲ ಹೂಂ ಅಂದೆ. ಯಾರಿಗೆ ಅಂದೆನೋ.

ಏಪ್ರಿಲ್ 18, ಗುರುವಾರ

ಕರಿ ಬಟ್ಟೆ ಬಿಚ್ಚಿದೆ. ಪುಟ್ಟಿಗೆ ಕಣ್ಣು ಹಾಕಿದೆ. ಎರಡೂ ಒಂದೇ. ತಾಯಿ ಅಲ್ಲೇ ಕುಸಿದು ಕೂತು ಅತ್ತಳು. ಮಗು ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಕನ್ನಡಿ ನೋಡಿಕೊಂಡಿತು. ಸೋಮವಾರದಿಂದ ಸ್ಕೂಲಿಗೆ ಹೋಗುತ್ತದೆ. ಇಂಥ ದಿನಕ್ಕಾಗಿಯೇ ಈ ಕೆಲಸ ಮಾಡುವುದು.

ಕಡತಕ್ಕೆ ಎರಡು ಕಣ್ಣಿನದೂ ಫೋಟೋ ಬೇಕಿತ್ತು. ಬೆಳಕು ಎದುರಿನಿಂದ ಬಿದ್ದರೆ ಕಣ್ಣು ಚಪ್ಪಟೆಯಾಗಿ ಕಾಣುತ್ತದೆ, ಪಕ್ಕದಿಂದ ಬೀಳಬೇಕು. ಕುರ್ಚಿ ತಿರುಗಿಸಿ ಮಗುವನ್ನು ಕಿಟಕಿಗೆ ಪಕ್ಕಾಗಿ ಕೂರಿಸಿದೆ. ಪಾಲಿಶ್ ಚಕ್ರದ ಮೂಲೆ ನನ್ನ ಬೆನ್ನ ಹಿಂದೆ ಬಂತು. ಮಗು ನನ್ನ ಮುಖವನ್ನೇ ನೋಡುತ್ತಿತ್ತು.

"ಕಥೆ ಹೇಳೋ ಆಂಟಿ ಎಲ್ಲಿ?" ಅಂತು.

ಒಳಗಿದಾಳೆ ಅಂದೆ. ಕರೀರಿ ಅಂತು. ಅಲುಗಾಡಬೇಡ ಅಂದೆ. ತಾಯಿ ನನ್ನನ್ನೊಮ್ಮೆ ನೋಡಿ, ಮಗಳ ಕೈ ಹಿಡಿದುಕೊಂಡಳು. ಅವರು ಹೋದದ್ದು ಬೇಗ.

ಆಮೇಲೆ ಫೋಟೋ ಹಿಗ್ಗಿಸಿ ನೋಡಿದೆ. ಬಲಗಣ್ಣಿನ ಬಣ್ಣ ಸರಿಯಾಗಿ ಬಂದಿದೆ. ಎಡಗಣ್ಣಿನ ಪಾಪೆಯಲ್ಲಿ ನೆರಳು ಬಿದ್ದಿದೆ. ಚಕ್ರದ ಮುಂದೆ ತಂಗಿ ಕೂತಿದ್ದಾಳೆ. ಈ ಕಡೆ ತಿರುಗಿದ್ದಾಳೆ, ಬಾಯಿ ತೆರೆದಿದೆ. ಏನೋ ಹೇಳುತ್ತಿದ್ದಾಳೆ. ಅವಳು ಯಾವಾಗಲೂ ಏನೋ ಒಂದು ಹೇಳುತ್ತಲೇ ಇರುತ್ತಾಳೆ. ಎರಡೂ ಕೈ ಮುಂದಕ್ಕೆ ಚಾಚಿದೆ, ನೀರಲ್ಲಿ ಮುಳುಗುವವರ ಹಾಗೆ.

ಬೇರೆ ಫೋಟೋಗಳೂ ಇವೆ. ಹತ್ತರಲ್ಲಿ ಒಂದು ಮಾತ್ರ ನೆರಳಿಲ್ಲದೆ ಶುದ್ಧವಾಗಿ ಬಂದಿದೆ. ಅದನ್ನಿಟ್ಟುಕೊಂಡೆ. ಮಿಕ್ಕದ್ದನ್ನು ಅಳಿಸಬೇಕೇ ಎಂದು ಫೋನ್ ಕೇಳಿತು. ಬೆರಳು ಯಾಕೋ ಸ್ವಲ್ಪ ಹೊತ್ತು ಹಾಗೇ ನಿಂತಿತು.

ಹೌದು ಎಂದು ಒತ್ತಿದೆ. ಬೆಳಕಿರುವಾಗಲೇ ಕುಂಚ ತೊಳೆದಿಡಬೇಕು.